‘ಗ್ಯಾಸ್ ಆಫ್ ಮಾಡಿದ್ನಾ?’: ಸಂಶಯದ ಕಾಯಿಲೆಗೆ ಮದ್ದು ಬಂದ ಬಗೆ

ಮಲಗುವ ಮುನ್ನ ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುವುದು ಎಲ್ಲರ ಮನೆಯ ರೂಢಿ. ನೋಡಿ ಬಂದು ಮಲಗಿದವರು ಮತ್ತೆ ಎದ್ದು, ‘ಆಫ್ ಇತ್ತು, ಸರಿ. ಮುಟ್ಟಿ ನೋಡುವಾಗ ಕೈತಾಗಿ ಆನ್ ಆಗಿದ್ದರೆ?’ ಎಂದು ಹನ್ನೆರಡನೇ ಸಲ ಅಡುಗೆಮನೆಗೆ ಹೋಗುತ್ತಾರಲ್ಲ, ಅದು ಕಾಯಿಲೆ.

ಇಂಗ್ಲಿಷಿನಲ್ಲಿ ಇದರ ಹೆಸರು ಒಸಿಡಿ (ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್). ಕನ್ನಡದಲ್ಲಿ ಇದಕ್ಕೆ ‘ಗೀಳು ಕಾಯಿಲೆ’ ಎಂಬ ಹೆಸರು ನಿಂತುಬಿಟ್ಟಿದೆ. ನನಗೇಕೋ ಅದು ಪೂರ್ತಿ ಒಪ್ಪಿಗೆಯಿಲ್ಲ. ಕ್ರಿಕೆಟ್ ಗೀಳು ಹತ್ತಿದವನಿಗೆ ಅದರಲ್ಲಿ ಖುಷಿಯಿದೆ. ಈ ಕಾಯಿಲೆಯವರಿಗೆ ಬರುವ ಯೋಚನೆ ಬೇಡದ್ದು. ಹುರುಳಿಲ್ಲದ್ದೆಂದು ಬಹುಪಾಲು ಅವರಿಗೂ ಗೊತ್ತು, ಆದರೂ ಬಿಡದು. 19ನೇ ಶತಮಾನದ ಫ್ರೆಂಚ್ ವೈದ್ಯರು ಇದನ್ನು ‘ಸಂಶಯದ ಹುಚ್ಚು’ ಎಂದು ಕರೆದರು. ಹೆಸರು ಒರಟು, ಗುರುತು ಸರಿ.

ಅದಕ್ಕೂ ಮೊದಲು ಇದು ಪಾದ್ರಿಗಳ ಪಾಲಿನ ತೊಂದರೆ. 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿದ್ದ, ಮುಂದೆ ಕ್ರೈಸ್ತರ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ, ಒಮ್ಮೆ ಪಾದ್ರಿಯ ಮುಂದೆ ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುತ್ತಿದ್ದ. ಏನೋ ಬಿಟ್ಟುಹೋಯಿತೆಂಬ ಅನುಮಾನ ಹೋಗುತ್ತಲೇ ಇರಲಿಲ್ಲ. ತೀರಾ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯದನ್ನು ಹೇಳು, ಇಲ್ಲವಾದರೆ ಬೇಡ ಎಂದರು ಪಾದ್ರಿ. ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಂಡಿತು!

1838ರಲ್ಲಿ ಪ್ಯಾರಿಸ್ಸಿನ ವೈದ್ಯ ಎಸ್ಕಿರೋಲ್ ಒಬ್ಬ ಹೆಂಗಸಿನ ಕಥೆ ಬರೆದ. ಚಿಕ್ಕಮ್ಮನ ಮನೆಯಿಂದ ಹೊರಡುವಾಗ ತನ್ನ ಜೇಬಿನಲ್ಲಿ ಅವರ ವಸ್ತುವೇನಾದರೂ ಬಂದುಬಿಟ್ಟಿದೆಯೋ ಎಂಬ ಹೆದರಿಕೆಯಿಂದ ಅವಳ ಪಾಡು ಶುರುವಾಯಿತು. ಮುಂದೆ ಲೆಕ್ಕ ಬರೆಯುವಾಗ ಒಂದಂಕಿಯ ಬದಲು ಇನ್ನೊಂದು ಬರೆದು ಗಿರಾಕಿಗೆ ಮೋಸ ಮಾಡಿಬಿಡುವೆನೇನೋ ಎಂಬ ಭಯ. ಇದು ಅಸಂಬದ್ಧವೆಂದು ಅವಳೇ ಹೇಳುತ್ತಿದ್ದಳು. ಆಮೇಲೆ ಮನಸ್ಸಿನ ಕಾಯಿಲೆಗಳನ್ನು ಅಭ್ಯಾಸ ಮಾಡಿದ ಜಾನೆ, ಫ್ರಾಯ್ಡ್ ಪುಟಗಟ್ಟಲೆ ಬರೆದರು. ವಿವರಣೆ ಬೆಳೆಯಿತು, ಗುಣವಾದವರು ಕಡಿಮೆ.

ದಾರಿ ತೆರೆದದ್ದು 1966ರಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ. ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಮಾಡಿದ್ದು ಕೇಳಲು ತೀರಾ ಸರಳ. ತೊಳೆಯುವ ಕಾಟದ ರೋಗಿಯ ಕೋಣೆಯ ನಲ್ಲಿಯ ನೀರು ನಿಲ್ಲಿಸಿದ, ಹೆದರುವ ವಸ್ತುಗಳನ್ನು ಮುಟ್ಟಿಸಿದ. ಆತಂಕ ಏರಿತು, ಆದರೆ ನಡೆಯಬಾರದ್ದೇನೂ ನಡೆಯಲಿಲ್ಲ. ತೊಳೆಯದೆಯೂ ಆತಂಕ ತಾನಾಗಿ ಇಳಿಯುತ್ತದೆಂದು ಮನಸ್ಸು ಕಲಿಯತೊಡಗಿತು. ಪಾದ್ರಿ ಹೇಳಿದ್ದಕ್ಕೂ ಇದಕ್ಕೂ ಕೊಂಚ ಹೋಲಿಕೆಯಿದೆ, ಆದರೆ ಪಾದ್ರಿ ಬಿಟ್ಟಿದ್ದ ವಿನಾಯಿತಿಯನ್ನು ಮೇಯರ್ ಬಿಡಲಿಲ್ಲ.

ಮರುವರ್ಷವೇ, ಖಿನ್ನತೆಗೆಂದು ತಯಾರಾದ ಕ್ಲೋಮಿಪ್ರಮಿನ್ ಈ ಕಾಯಿಲೆಗೂ ಹಿಡಿಯುತ್ತದೆಂದು ಸ್ಪೇನಿನ ವೈದ್ಯರು ವರದಿ ಮಾಡಿದರು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1989ರಲ್ಲಿ! ಈಗ ಮೊದಲು ಬರೆಯುವುದು ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್ ಜಾತಿಯ ಮಾತ್ರೆಗಳನ್ನು. ಖಿನ್ನತೆಗಿಂತ ಹೆಚ್ಚಿನ ಡೋಸ್ ಬೇಕಾಗುವುದುಂಟು, ಪರಿಣಾಮ ತಿಳಿಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮೂರನೇ ವಾರಕ್ಕೇ ‘ಪ್ರಯೋಜನವಿಲ್ಲ’ ಎಂದು ಮಾತ್ರೆ ಬಿಟ್ಟರೆ ಮದ್ದನ್ನು ಪರೀಕ್ಷಿಸಿದಂತೆಯೇ ಆಗಲಿಲ್ಲ. ಯಾವುದಕ್ಕೂ ಬಗ್ಗದ ಕೆಲವರಿಗಷ್ಟೇ ಮಿದುಳಿನೊಳಗೆ ಎಲೆಕ್ಟ್ರೋಡ್ ಇಡುವಂಥ ಶಸ್ತ್ರಚಿಕಿತ್ಸೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಅಲ್ಲಿಯವರೆಗೆ ಬರಲು ಮಾತ್ರ ನಮ್ಮವರಿಗೆ ವರ್ಷಗಳು ಬೇಕು. ‘ಅಜ್ಜಿಗೆ ಮಡಿ ಜಾಸ್ತಿ’ ಎಂದರೆ ಮುಗಿಯಿತು. ಮಡಿಗೆ ಒಂದು ಕೊನೆಯಿದೆ: ಮಿಂದು ಒದ್ದೆ ಬಟ್ಟೆ ಉಟ್ಟರೆ ಆಯಿತು. ಮಿಂದದ್ದು ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಬಚ್ಚಲಿಗೆ ಹೋಗಿ, ಬಿಂದಿಗೆ ಎಣಿಸುತ್ತ, ಎಣಿಕೆ ತಪ್ಪಿ, ಒಂದರಿಂದ ಶುರು ಮಾಡುವ ಅಜ್ಜಿಗೆ ಆ ಕೊನೆ ಸಿಗುವುದೇ ಇಲ್ಲ. ಇನ್ನು ಮಗುವಿನ ತಾಯಿಗೆ ‘ಚಾಕು ಕಂಡರೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ’ ಎಂಬ ಯೋಚನೆ ನುಗ್ಗಿದರೆ, ಅದನ್ನು ಯಾರ ಹತ್ತಿರ ಹೇಳಿಕೊಂಡಾಳು? ಇದೂ ಇದೇ ಕಾಯಿಲೆ, ಇದಕ್ಕೂ ಇದೇ ಚಿಕಿತ್ಸೆ.

ಚಿಕಿತ್ಸೆಯಲ್ಲಿ ಮನೆಯವರಿಗೂ ಪಾಠವಿದೆ. ‘ಗ್ಯಾಸ್ ಆಫ್ ಆಗಿದೆ ತಾನೇ?’ ಎಂದು ಕೇಳಿದಾಗ ‘ಹೂಂ, ಆಗಿದೆ, ಮಲಗಿ’ ಎನ್ನುವುದು ಪ್ರೀತಿಯೇ. ಆದರೆ ಆ ಹೂಂಗುಟ್ಟುವಿಕೆ ಹತ್ತು ನಿಮಿಷ ಬಾಳುತ್ತದೆ, ಮತ್ತೆ ಅದೇ ಪ್ರಶ್ನೆ. ಹಾಗಾಗಿ ಉತ್ತರ ಕೊಡುವುದನ್ನು ರೋಗಿಯ ಒಪ್ಪಿಗೆ ಪಡೆದು, ಮೆಲ್ಲಮೆಲ್ಲನೆ ನಿಲ್ಲಿಸಲು ಹೇಳುತ್ತಾರೆ. ಮೊದಲ ರಾತ್ರಿ ಇಬ್ಬರಿಗೂ ನಿದ್ದೆ ಬರುವುದು ಕಷ್ಟ.