ಭತ್ತದ ಹೊಸ ವೈರಸ್: ಸಾಕ್ಷಿ ಹೇಳುವುದು ಹುಳುವೇ

ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ಭತ್ತದ ಎಲೆ ಹಳದಿಗೆ ತಿರುಗಿದರೆ ಮೊದಲು ಬರುವ ಮಾತು ‘ಜಿಂಕ್ ಕಮ್ಮಿ ಆಗಿದೆ’. ಬಹಳ ಸಲ ಅದು ನಿಜವೂ ಹೌದು. ಸದಾ ನೀರು ನಿಲ್ಲುವ ಕಪ್ಪು ಮಣ್ಣಿನಲ್ಲಿ ಬೇರಿಗೆ ಜಿಂಕ್ ಸುಲಭವಾಗಿ ಸಿಗುವುದಿಲ್ಲ. ಜಿಂಕ್ ಸಲ್ಫೇಟ್ ಕೊಟ್ಟರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಆದರೆ ಹಸಿರು ಬಾರದೇ ಹೋದರೆ? ಒಂದು ಗಿಡ ಕುಳ್ಳಗೇ ಉಳಿದು, ಅದಕ್ಕೆ ತಾಗಿದ ಗಿಡ ಎದೆಯುದ್ದ ಬೆಳೆದಿದ್ದರೆ? ಪೋಷಕಾಂಶದ ಕೊರತೆ ಹಾಗೆ ಒಂದೊಂದೇ ಗಿಡವನ್ನು ಆರಿಸಿಕೊಂಡು ಬರುವುದಿಲ್ಲ. ಅಲ್ಲಿ ಔಷಧ ಹೊಡೆಯುವ ಮುಂಚೆ ಬಗ್ಗಿ ಬುಡ ನೋಡಬೇಕು.

2022ರ ಮುಂಗಾರಿನಲ್ಲಿ ಪಂಜಾಬ್, ಹರಿಯಾಣದ ರೈತರು ಇಂಥ ಗಿಡಗಳನ್ನು ಕಂಡರು. ಎತ್ತರ ಅರ್ಧಕ್ಕೇ ನಿಂತಿತ್ತು. ಬೇರು ಇಳಿದಿರಲಿಲ್ಲ, ಹಿಡಿದೆಳೆದರೆ ಸುಮ್ನೆ ಕಿತ್ತು ಬರುತ್ತಿತ್ತು. ಬಗೆಬಗೆಯ ತಳಿಗಳಲ್ಲಿ ಹೀಗಾದ್ದರಿಂದ ಬೀಜದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಬೇಗ ನಾಟಿ ಮಾಡಿದ ಗದ್ದೆಗಳಿಗೇ ಪೆಟ್ಟು ಜಾಸ್ತಿ. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಮತ್ತು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗಿಡ ತಂದು ಪರೀಕ್ಷಿಸಿದರು. ಸಿಕ್ಕಿದ್ದು ಚೀನಾದ ದಕ್ಷಿಣ ಭಾಗದಿಂದ ಹೆಸರಾದ ಒಂದು ವೈರಸ್, ಸದರ್ನ್ ರೈಸ್ ಬ್ಲ್ಯಾಕ್ ಸ್ಟ್ರೀಕ್ಡ್ ಡ್ವಾರ್ಫ್ ವೈರಸ್. ಭಾರತದಲ್ಲಿ ಅದು ಕಂಡಿದ್ದು ಅದೇ ಮೊದಲು. ಇದನ್ನು ಹೊತ್ತು ತಿರುಗುವುದು ಬಿಳಿ ಬೆನ್ನಿನ ಜಿಗಿಹುಳು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಲ್ಲೂ ಈ ಹುಳು ಇದೆ. ಅದಕ್ಕೇ ಆ ವೈರಸ್ಸಿನ ಕಥೆಯನ್ನು ಇಲ್ಲಿ ಬಿಡಿಸಿ ಹೇಳಬೇಕು ಅನ್ನಿಸಿತು.

ಹುಳುವನ್ನು ನೋಡುವುದು ಕಷ್ಟವಲ್ಲ. ಗಿಡದ ಬುಡವನ್ನು ಓರೆ ಮಾಡಿ ಅಂಗೈಯಿಂದ ಎರಡು ಸಲ ತಟ್ಟಿದರೆ ಪುಟಪುಟನೆ ನೀರಿಗೆ ಉದುರುತ್ತವೆ. ಮೂರು ನಾಲ್ಕು ಮಿಲಿಮೀಟರ್ ಉದ್ದ. ರೆಕ್ಕೆಗಳು ಸೇರುವ ಜಾಗಕ್ಕಿಂತ ಮುಂದೆ, ಬೆನ್ನ ಮೇಲೆ ಬಿಳಿ ಪಟ್ಟೆ. ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಕಂದು ಜಿಗಿಹುಳುವಿಗೆ ಆ ಪಟ್ಟೆ ಇರುವುದಿಲ್ಲ. ಎರಡೂ ಸೂಜಿಯಂಥ ಬಾಯನ್ನು ಕಾಂಡಕ್ಕೆ ಚುಚ್ಚಿ ರಸ ಹೀರುತ್ತವೆ. ಹೀರುವಾಗ ಜೊಲ್ಲನ್ನೂ ಒಳಗೆ ಬಿಡುತ್ತವೆ. ವೈರಸ್ ದಾಟುವುದು ಆ ಜೊಲ್ಲಿನ ಜೊತೆ.

ರೋಗದ ಗಿಡದಲ್ಲಿ ಇನ್ನೂ ಒಂದು ಗುರುತಿದೆ. ಕಾಂಡದ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗಂಟು ಸಿಗುತ್ತವೆ. ಮೊದಲು ಮೇಣದಂತೆ ಬೆಳ್ಳಗಿದ್ದು, ಆಮೇಲೆ ಕಪ್ಪು ಗೆರೆಯಾಗುತ್ತವೆ. ಗಂಟಿನ ಸಾಲು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಆದರೂ ಅದು ಅನುಮಾನವೇ. ಇದೇ ಗಂಟು, ಇದೇ ಕುಳ್ಳತನ ಮೊದಲೇ ಗೊತ್ತಿದ್ದ ಇನ್ನೊಂದು ವೈರಸ್ಸಿನಿಂದಲೂ ಬರುತ್ತದೆ. ಚೀನಾದವರನ್ನು ಏಳು ವರ್ಷ ಸುತ್ತಾಡಿಸಿದ್ದು ಇದೇ. ಗುವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಶಿ ಎಂಬಲ್ಲಿ ರೋಗ ಕಂಡಿದ್ದು 2001ರಲ್ಲಿ. ಇದು ಬೇರೆಯೇ ವೈರಸ್ ಎಂದು ಪ್ರಕಟವಾಗಿದ್ದು 2008ರಲ್ಲಿ. ಹಳೆಯ ವೈರಸ್ಸನ್ನು ಹರಡುವುದು ಸಣ್ಣ ಕಂದು ಜಿಗಿಹುಳು ಎಂಬ ಬೇರೊಂದು ಜಾತಿ. ಹೊಸದನ್ನು ಹರಡುತ್ತಿದ್ದದ್ದು ಬಿಳಿ ಬೆನ್ನಿನದು. ಜೀನೋಮ್, ಅಂದರೆ ವೈರಸ್ಸಿನ ಇಡೀ ವಂಶವಾಹಿ ಮಾಹಿತಿ, ಓದಿದಾಗಲೂ ಎರಡರ ನಡುವೆ ಅಂತರ ಕಂಡಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2010ರಲ್ಲಿ, ಚೀನಾದಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಮೀರಿ ಭತ್ತಕ್ಕೆ ಅದು ತಗುಲಿತ್ತು. ಈ ಹುಳು ಗಾಳಿಯ ಜೊತೆ ನೂರಾರು ಕಿಲೋಮೀಟರ್ ಹೋಗಬಲ್ಲದು.

ವೈರಸ್ ಹುಡುಕಲು ಇವತ್ತು ಪಿಸಿಆರ್ ಇದೆ, ಗೊತ್ತಿರುವ ವೈರಸ್ಸಿನ ಗುರುತು ಹಿಡಿದು ಹುಡುಕುವ ಪರೀಕ್ಷೆ ಅದು. ಆದರೆ ಪಿಸಿಆರ್ ಹುಡುಕುವುದು ಜಾತ್ರೆಯಲ್ಲಿ ಕೈಯಲ್ಲಿ ಫೋಟೊ ಹಿಡಿದು ಒಬ್ಬರನ್ನು ಹುಡುಕಿದ ಹಾಗೆ. ಫೋಟೊ ಇಲ್ಲದವರು ಎದುರೇ ನಡೆದು ಹೋದರೂ ಗೊತ್ತಾಗದು. ಹಾಗಾಗಿ ಹೊಸ ವೈರಸ್ಸಿನ ಅನುಮಾನ ಬಂದಾಗ ಗಿಡದ ಒಳಗಿರುವ, ವಂಶವಾಹಿ ಮಾಹಿತಿ ಹೊತ್ತ ಆರ್‌ಎನ್‌ಎಯನ್ನೆಲ್ಲ ಓದಿಸುತ್ತಾರೆ. ಭತ್ತದ್ದನ್ನು ಬದಿಗಿಟ್ಟು, ಉಳಿದ ತುಣುಕುಗಳನ್ನು ಜೋಡಿಸಿ, ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸುತ್ತಾರೆ. ನಾನು ಹೇಳಿದ ವೈರಸ್ಸಿನ ಜೀನೋಮ್ ಎರಡೆಳೆಯ ಆರ್‌ಎನ್‌ಎಯ ಹತ್ತು ತುಂಡುಗಳಲ್ಲಿ ಹಂಚಿಕೊಂಡಿದೆ.

ಇಲ್ಲಿಗೇ ‘ಹೊಸ ವೈರಸ್ ಪತ್ತೆ’ ಎಂದು ಸುದ್ದಿ ಮಾಡಿದರೆ ಅವಸರವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರೋಗದ ಗಿಡದಲ್ಲಿ ವೈರಸ್ ಸಿಕ್ಕಿತು ಅಂದ ಮಾತ್ರಕ್ಕೆ ರೋಗ ತಂದದ್ದು ಅದೇ ಅಂತ ಹೇಳಲಾಗದು. ಏನೂ ತೊಂದರೆ ಮಾಡದೆ ಗಿಡದೊಳಗೆ ಇರುವ ವೈರಸ್‌ಗಳೂ ಇವೆ. ಆರೋಗ್ಯವಾದ ಗಿಡಕ್ಕೆ ದಾಟಿಸಿ, ಅದೇ ರೋಗ ಬರಿಸಿ ತೋರಿಸಬೇಕು. ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಎಲೆಯ ರಸ ತಿಕ್ಕಿಯೇ ದಾಟಿಸಬಹುದು. ಭತ್ತದ ಈ ಕುಳ್ಳು ರೋಗಕ್ಕೆ ಆ ದಾರಿ ಇಲ್ಲ. ಹುಳುವೇ ದಾಟಿಸಬೇಕು.

ಜಪಾನಿನವರು ಈ ಪಾಠವನ್ನು ನೂರು ವರ್ಷಕ್ಕೂ ಹಿಂದೆ ಕಲಿತರು. ಅಲ್ಲಿನ ಬೇರೊಂದು ಭತ್ತದ ಕುಳ್ಳು ರೋಗಕ್ಕೆ ಜಿಗಿಹುಳುವಿನ ವಿಷವೇ ಕಾರಣ ಎಂದು ಮೊದಮೊದಲು ನಂಬಿದ್ದರು. ಆಮೇಲೆ ರೋಗವಿಲ್ಲದ ಕಡೆಯಿಂದ ಅದೇ ಜಾತಿಯ ಹುಳು ತಂದು ಬಿಟ್ಟರೆ ಗಿಡಕ್ಕೆ ಏನೂ ಆಗಲಿಲ್ಲ. ಅವೇ ಹುಳುಗಳಿಗೆ ರೋಗದ ಗಿಡದ ರಸ ಕುಡಿಸಿ ಬಿಟ್ಟಾಗ ರೋಗ ಬಂತು. ಹುಳು ಬರೀ ಹೊತ್ತು ತರುತ್ತಿತ್ತು. ವೈರಸ್ ಎಂದರೇನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ, ಪಂಜರ ಮತ್ತು ಹುಳು ಇಟ್ಟುಕೊಂಡು ಇಷ್ಟನ್ನು ಬಿಡಿಸಿದ್ದು ದೊಡ್ಡ ಕೆಲಸ ಅಲ್ವಾ?

ಇವತ್ತಿಗೂ ಕ್ರಮ ಹೆಚ್ಚುಕಡಿಮೆ ಅದೇ. ಬಲೆಯ ಪಂಜರದಲ್ಲಿ ಆರೋಗ್ಯವಾದ ಸಸಿಗಳ ಮೇಲೆ ಹುಳು ಸಾಕುತ್ತಾರೆ. ಈ ವೈರಸ್ ತಾಯಿಯಿಂದ ಮೊಟ್ಟೆಗೆ ದಾಟುವುದಿಲ್ಲ, ಆದ್ದರಿಂದ ಮೊಟ್ಟೆಯೊಡೆದು ಬಂದ ಮರಿ ಶುದ್ಧ. ಮರಿಗಳನ್ನು ರೋಗದ ಗಿಡದ ಮೇಲೆ ಬಿಡುತ್ತಾರೆ. ಕೆಲವೇ ನಿಮಿಷ ಹೀರಿದರೂ ವೈರಸ್ ಒಳಗೆ ಹೋಗಬಹುದು. ಆದರೆ ತಕ್ಷಣ ಹರಡುವುದಿಲ್ಲ. ಅದು ಹುಳುವಿನ ಕರುಳಿನಲ್ಲಿ ಹೆಚ್ಚಿಕೊಂಡು ಜೊಲ್ಲಿನ ಗ್ರಂಥಿ ತಲುಪಲು ಒಂದೆರಡು ವಾರ ಬೇಕು. ಅಷ್ಟು ದಿನ ಕಾಯದೆ ಪ್ರಯೋಗ ಮುಗಿಸಿದರೆ ‘ಈ ಹುಳು ಹರಡುವುದಿಲ್ಲ’ ಎಂಬ ತಪ್ಪು ಉತ್ತರ ಬರುತ್ತದೆ. ಆಮೇಲೆ ಎಳೆ ಸಸಿಗಳ ಮೇಲೆ ಬಿಡುತ್ತಾರೆ. ಪಕ್ಕದ ಪಂಜರದಲ್ಲಿ ರೋಗದ ಗಿಡವನ್ನು ಮುಟ್ಟಿಯೇ ಇರದ ಹುಳುಗಳು ಅಷ್ಟೇ ಸಸಿಗಳನ್ನು ಹೀರುತ್ತಿರಬೇಕು. ಜಿಗಿಹುಳು ಹೀರಿದ್ದರಿಂದಲೇ ಗಿಡ ಹಳದಿಯಾಗಿ ಸುಟ್ಟಂತಾಗುವುದನ್ನು ನಮ್ಮ ಗದ್ದೆಗಳಲ್ಲಿ ನೋಡಿಲ್ಲವೇ? ಮೊದಲ ಪಂಜರದ ಸಸಿ ಮಾತ್ರ ಕುಳ್ಳಾಗಿ, ಅದರಲ್ಲಿ ಅದೇ ವೈರಸ್ ಸಿಕ್ಕರೆ ಆಗ ನಂಬಬಹುದು.

ಗಿಡಕ್ಕೆ ತಗುಲಿದ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ಗಾಬರಿಯಿಂದ ಸಿಕ್ಕಿದ್ದನ್ನೆಲ್ಲ ಹೊಡೆದರೆ ಜಿಗಿಹುಳು ತಿನ್ನುವ ಜೇಡಗಳು ಸಾಯುತ್ತವೆ. ಕೆಲವು ಔಷಧ ಹೊಡೆದ ಮೇಲೆ ಜಿಗಿಹುಳು ಮೊದಲಿಗಿಂತ ಜಾಸ್ತಿ ಆಗುವುದೂ ಉಂಟು. ಎರಡು ಬೆಳೆಯ ನಡುವೆ ಗದ್ದೆಯಲ್ಲಿ ಉದುರಿ ಹುಟ್ಟಿದ ಭತ್ತ, ಬದುವಿನ ಹುಲ್ಲು ತೆಗೆಯುವುದು ಅದಕ್ಕಿಂತ ಒಳ್ಳೆಯ ಕೆಲಸ, ಹುಳುವಿಗೂ ವೈರಸ್ಸಿಗೂ ಅದೇ ತಂಗುದಾಣ.

ಇಂಥ ಗಿಡ ಕಂಡರೆ ಬೇರು ಸಮೇತ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಿಸಿಲು ತಾಗದಂತೆ ಅದೇ ದಿನ ಗಂಗಾವತಿ ಅಥವಾ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ಮುಟ್ಟಿಸಿ. ಅದೇ ಗದ್ದೆಯ ಒಂದು ಒಳ್ಳೆಯ ಗಿಡವನ್ನೂ ಬೇರೆ ಚೀಲದಲ್ಲಿ ಒಯ್ಯಿರಿ, ಹೋಲಿಸಿ ನೋಡಲು ಬೇಕಾಗುತ್ತದೆ. ಬುಡ ತಟ್ಟಿದಾಗ ಬಿದ್ದ ಹುಳುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿಕೊಳ್ಳಿ. ತಳಿ ಯಾವುದು, ನಾಟಿ ಮಾಡಿದ ತಾರೀಖು ಯಾವುದು, ಏನೇನು ಔಷಧ ಹೊಡೆದಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಕೊಡಿ.