ಹಳೇ ಕಂಪ್ರೆಸರ್ ಯಾಕೆ ಹೋಯಿತು ಅಂತ ಮೊದಲು ನೋಡಿ

ಹತ್ತು ಹನ್ನೆರಡು ವರ್ಷ ಓಡಿದ ಕಾರು ತಂದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಗಾಳಿ ಬರ್ತಿದೆ, ತಂಪಿಲ್ಲ. ಸ್ವಲ್ಪ ಗ್ಯಾಸ್ ಹಾಕಿಬಿಡಿ." ಆದರೆ ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳ ಒಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಗ್ಯಾಸ್ ಸರಿಯಾಗಿದ್ದೂ ತಂಪಿಲ್ಲ ಅಂದರೆ ಆಗ ಆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮೇಲೆ ಅನುಮಾನ ಪಡಬೇಕು.

ಅನುಮಾನ ಖಚಿತ ಮಾಡಿಕೊಳ್ಳಲು ಗೇಜ್ ಹಾಕುತ್ತೇವೆ, ಅದರ ಒಂದು ಮುಳ್ಳು ಕಂಪ್ರೆಸರ್‌ಗೆ ಬರುವ ಗ್ಯಾಸಿನ ಒತ್ತಡ, ಇನ್ನೊಂದು ಹೊರಹೋಗುವ ಗ್ಯಾಸಿನ ಒತ್ತಡ ತೋರಿಸುತ್ತದೆ. ಎಂಜಿನ್ ನಿಂತಾಗ ಎರಡೂ ಮುಳ್ಳು ಒಂದೇ ಜಾಗದಲ್ಲಿ ಇರುತ್ತವೆ. ಎಸಿ ಚಾಲೂ ಮಾಡಿದ ಕೂಡಲೇ ಒಂದು ಕೆಳಗೆ, ಇನ್ನೊಂದು ಮೇಲೆ ಹೋಗಬೇಕು. ಒಳ್ಳೇ ಕಂಪ್ರೆಸರ್ ಆದರೆ ಒಂದು ಕಡೆ 30-40 ಪಿಎಸ್ಐ (ಒತ್ತಡದ ಅಳತೆ), ಇನ್ನೊಂದು ಕಡೆ 200ರ ಆಸುಪಾಸು. ಹೊರಗಿನ ಬಿಸಿಲಿಗೆ ತಕ್ಕಂತೆ ಇದು ಹೆಚ್ಚುಕಡಿಮೆ ಆಗುತ್ತದೆ. ಸವೆದ ಕಂಪ್ರೆಸರ್‌ನಲ್ಲಿ ಆ ಎರಡು ಮುಳ್ಳುಗಳೂ ದೂರ ಹೋಗಲು ಒದ್ದಾಡುತ್ತವೆ. ಕೆಳಗಿಳಿಯಬೇಕಾದ್ದು 70ರಲ್ಲೇ ನಿಂತಿರುತ್ತದೆ, ಮೇಲೇರಬೇಕಾದ್ದು 120 ದಾಟುವುದಿಲ್ಲ.

ಇಲ್ಲೇ ಆತುರ ಬೇಡ ಅನ್ನುತ್ತೇನೆ. ಕಂಪ್ರೆಸರ್ ತಪ್ಪಿಲ್ಲದೆಯೂ ಕೆಲಸ ನಿಲ್ಲುವುದುಂಟು. ಕೆಲವು ಕಂಪ್ರೆಸರ್‌ಗಳ ಬೆನ್ನಿಗೆ ಎಷ್ಟು ಗ್ಯಾಸ್ ಒತ್ತಬೇಕು ಅಂತ ಹಿಡಿತದಲ್ಲಿಡುವ ಒಂದು ಸಣ್ಣ ಕಂಟ್ರೋಲ್ ವಾಲ್ವ್ ಇರುತ್ತದೆ. ಅದು ಸಿಕ್ಕಿಹಾಕಿಕೊಂಡರೂ ಮುಳ್ಳುಗಳು ಇದೇ ಆಟ ಆಡುತ್ತವೆ. ಎಸಿ ಆಫ್ ಇದ್ದಾಗಲೂ ಗರಗರ ಶಬ್ದ ಬರುತ್ತಿದ್ದರೆ ಅದು ಬಹುಪಾಲು ಪುಲ್ಲಿ ಬೇರಿಂಗ್, ಅದನ್ನಷ್ಟೇ ಬದಲಿಸಬಹುದು. ಇನ್ನು ಬೆಳಿಗ್ಗೆ ತಂಪಾಗಿದ್ದ ಎಸಿ ಎಂಜಿನ್ ಕಾದ ಮೇಲೆ ಕೈಕೊಡುತ್ತದೆ ಅಂದರೆ ಮ್ಯಾಗ್ನೆಟಿಕ್ ಕ್ಲಚ್ ನೋಡಿ, ಅಂದರೆ ಕಾಯಿಲ್‌ನ ಅಯಸ್ಕಾಂತ ಬಲದಿಂದ ತಟ್ಟೆಯನ್ನು ಪುಲ್ಲಿಗೆ ಅಂಟಿಸಿ ಕಂಪ್ರೆಸರ್ ತಿರುಗಿಸುವ ಭಾಗ. ಅದರ ತಟ್ಟೆಗೂ ಪುಲ್ಲಿಗೂ ನಡುವೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ಸಂದು ಇರಬೇಕು. ಸವೆದು ಸವೆದು ಆ ಸಂದು ದೊಡ್ಡದಾಗಿರುತ್ತದೆ, ಕಾದ ಕಾಯಿಲ್‌ಗೆ ತಟ್ಟೆಯನ್ನು ಎಳೆದುಕೊಳ್ಳುವಷ್ಟು ಬಲ ಇರುವುದಿಲ್ಲ. ಒಳಗಿನ ಒಂದು ತೆಳು ವಾಷರ್ ತೆಗೆದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಇದನ್ನು ನೋಡದೆ ಇಡೀ ಕಂಪ್ರೆಸರ್ ಬಿಚ್ಚಿಸುವುದು ಮಾಲೀಕರಿಗೆ ಮಾಡುವ ಅನ್ಯಾಯ.

ಇವೆಲ್ಲ ನೋಡಿಯೂ ಕಂಪ್ರೆಸರ್ರೇ ಹೋಗಿದೆ ಅಂತಾದರೆ, ಬಿಚ್ಚಿದ ತಕ್ಷಣ ನಾನು ಮಾಡುವ ಕೆಲಸ ಒಂದಿದೆ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ (ಬಿಸಿ ಗ್ಯಾಸನ್ನು ತಣಿಸುವ ಜಾಲರಿ) ಹೋಗುವ ಪೈಪಿನ ಬಾಯಿಗೆ ಒಂದು ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ತಿರುಗಿಸುತ್ತೇನೆ. ಗ್ಯಾಸ್ ಜೊತೆ ಎಣ್ಣೆಯೂ ಸುತ್ತುತ್ತದೆ, ಹಾಗಾಗಿ ಒಳಗೆ ನಡೆದದ್ದೆಲ್ಲ ಆ ಎಣ್ಣೆಯಲ್ಲಿ ಕಾಣುತ್ತದೆ. ಬಟ್ಟೆಗೆ ತಿಳಿ ಎಣ್ಣೆ ಹತ್ತಿದರೆ ಸಮಾಧಾನ. ಕಪ್ಪು ಮಡ್ಡಿ ಹತ್ತಿದರೆ, ಅದನ್ನು ಬಿಸಿಲಿಗೆ ಹಿಡಿದಾಗ ಬೆಳ್ಳಿ ಪುಡಿ ಉದುರಿಸಿದ ಹಾಗೆ ಮಿನುಗಿದರೆ, ಕಂಪ್ರೆಸರ್ ತನ್ನ ಮೈಯನ್ನೇ ಅರೆದು ಪೈಪಿಗೆ ಕಳಿಸಿದೆ ಅಂತ ಲೆಕ್ಕ. ಆ ಬಟ್ಟೆಯನ್ನು ಮಾಲೀಕರಿಗೆ ತೋರಿಸದೆ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಆ ಪುಡಿ ಮೊದಲು ಹೋಗಿ ಕೂರುವುದು ಕಂಡೆನ್ಸರ್‌ನಲ್ಲಿ. ಈಗಿನ ಕಂಡೆನ್ಸರ್‌ಗಳಲ್ಲಿ ಚಪ್ಪಟೆ ಕೊಳವೆಗಳ ಒಳಗೆ ಬಹಳ ಸಣ್ಣ ಸಣ್ಣ ದಾರಿಗಳು ಒಂದರ ಪಕ್ಕ ಒಂದು ಇರುತ್ತವೆ. ಫ್ಲಶ್ ಮಾಡಿದಾಗ, ಅಂದರೆ ತೊಳೆಯುವ ದ್ರವ ಹಾಯಿಸಿದಾಗ, ಅದು ತೆರೆದಿರುವ ದಾರಿಯಲ್ಲಿ ಸಲೀಸಾಗಿ ಹರಿದು ಹೊರಬರುತ್ತದೆ. ಕಟ್ಟಿಕೊಂಡ ದಾರಿ ಹಾಗೇ ಉಳಿಯುತ್ತದೆ. ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮಾಲೀಕರ ಖರ್ಚು ಉಳಿಸೋಣ ಅಂತ ಫ್ಲಶ್ ಮಾಡಿ, ಹೊಸ ಕಂಪ್ರೆಸರ್ ಕೂರಿಸಿ ಕಳಿಸಿದ್ದೆ. ಮೂರೇ ವಾರಕ್ಕೆ ಕಾರು ವಾಪಸ್ ಬಂತು, ಹೊಸ ಕಂಪ್ರೆಸರ್ ಜಾಮ್. ಆಮೇಲೆ ಆ ಕಂಡೆನ್ಸರನ್ನು ಗರಗಸದಲ್ಲಿ ಕೊಯ್ದು ನೋಡಿದೆ. ಕೆಳಗಿನ ಸಾಲಿನ ಕೊಳವೆಗಳ ತುಂಬ ಬೂದು ಕೆಸರು. ಆ ಮನುಷ್ಯ ಒಂದು ಮಾತೂ ಬೈಯಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು. ಅಂದಿನಿಂದ ಬಟ್ಟೆಯಲ್ಲಿ ಮಿನುಗು ಕಂಡರೆ ಕಂಡೆನ್ಸರ್, ಎಕ್ಸ್‌ಪಾನ್ಷನ್ ವಾಲ್ವ್ (ಸಣ್ಣ ರಂಧ್ರದ ಮೂಲಕ ಒತ್ತಡ ಇಳಿಸಿ ತಂಪು ಹುಟ್ಟಿಸುವ ಭಾಗ) ಎರಡನ್ನೂ ಬದಲಿಸುತ್ತೇನೆ. ತೇವ ಹೀರುವ ಡ್ರೈಯರ್ ಅಂತೂ ಸರಿ, ಪೈಪು ತೆರೆದರೆ ಅದು ಹೊಸದೇ. ಒಳಗಿನ ಕಾಳುಗಳು ಗಾಳಿಯ ತೇವ ಕುಡಿಯುತ್ತವೆ, ಅದಕ್ಕೇ ಅದರ ಮುಚ್ಚಳ ಬಿಚ್ಚುವುದು ಕಟ್ಟಕಡೆಗೆ.

ಪುಡಿ ಇಲ್ಲ, ಎಣ್ಣೆಯೂ ತಿಳಿಯಾಗಿದೆ ಅಂದರೆ ಬೇರೆ ಕಾರಣ ಹುಡುಕಬೇಕು. ಕಂಡೆನ್ಸರ್ ಮುಂದಿನ ಫ್ಯಾನ್ ನಿಧಾನವಾಗಿ ತಿರುಗುತ್ತಿದ್ದರೆ ಒತ್ತಡ ಏರಿ ಏರಿ ಕಂಪ್ರೆಸರ್ ಬಸವಳಿಯುತ್ತದೆ. ಸಣ್ಣ ಸೋರಿಕೆ ಇನ್ನೂ ಕೆಟ್ಟದ್ದು, ಗ್ಯಾಸ್ ಜೊತೆ ಎಣ್ಣೆಯೂ ಹೋಗುತ್ತದೆ. ಪ್ರತಿ ಬೇಸಿಗೆಗೂ ಗ್ಯಾಸ್ ಮಾತ್ರ ತುಂಬಿಸಿದ ಕಾರುಗಳ ಕಂಪ್ರೆಸರ್ ಒಣಗಿ ಸಾಯುವುದು ಹೀಗೆ.

ಎಣ್ಣೆ ಅಳತೆ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಸಾಮಾನ್ಯ ಕಾರಿನ ಇಡೀ ಎಸಿಯಲ್ಲಿ ಇರುವುದೇ 100ರಿಂದ 200 ಮಿಲಿಲೀಟರ್ ಎಣ್ಣೆ. ಹಳೇ ಕಂಪ್ರೆಸರ್ ಬಗ್ಗಿಸಿ ಅದರಲ್ಲಿದ್ದದ್ದನ್ನು ಅಳತೆ ಲೋಟಕ್ಕೆ ಸುರಿಯಿರಿ. ಹೊಸದರಲ್ಲಿ ಪೂರ್ತಿ ಎಸಿಗೆ ಬೇಕಾದಷ್ಟು ಎಣ್ಣೆ ತುಂಬಿಯೇ ಕಳಿಸಿರಬಹುದು, ಒಂದು ಹನಿಯೂ ಇಲ್ಲದೆ ಇರಬಹುದು. ಡಬ್ಬದ ಮೇಲಿನ ಚೀಟಿ ಓದದೆ ಕೂರಿಸಬೇಡಿ. ಕಡಿಮೆಯಾದರೆ ಸುಡುತ್ತದೆ, ಜಾಸ್ತಿಯಾದರೆ ಪೈಪುಗಳಲ್ಲಿ ಕೂತು ತಂಪು ಕಡಿಮೆ ಮಾಡುತ್ತದೆ. ಪಿಎಜಿ ಅನ್ನುವ ಎಸಿ ಎಣ್ಣೆಯಲ್ಲೂ 46, 100, 150 ಅಂತ ದಪ್ಪದ ಲೆಕ್ಕ ಇದೆ, ಆ ಕಾರಿಗೆ ಹೇಳಿದ್ದನ್ನೇ ಹಾಕಬೇಕು. ಹೈಬ್ರಿಡ್ ಕಾರುಗಳ ವಿದ್ಯುತ್ ಕಂಪ್ರೆಸರ್‌ಗೆ ಇದನ್ನು ಹಾಕಲೇಬಾರದು, ಅವಕ್ಕೆ ವಿದ್ಯುತ್ ಹರಿಯಲು ಬಿಡದ ಬೇರೆ ಎಣ್ಣೆ ಇದೆ. ಬೋಲ್ಟ್ ಬಿಗಿದ ಮೇಲೆ, ಬೆಲ್ಟ್ ಹಾಕುವ ಮೊದಲು, ಮುಂದಿನ ತಟ್ಟೆಯನ್ನು ಕೈಯಲ್ಲೇ ಹತ್ತು ಸುತ್ತು ತಿರುಗಿಸಿ. ಒಳಗೆ ನಿಂತ ಎಣ್ಣೆ ಮುಂದೆ ಸರಿಯುತ್ತದೆ. ಕಂಪ್ರೆಸರ್‌ಗೆ ಗ್ಯಾಸ್ ಒತ್ತಲು ಗೊತ್ತು, ದ್ರವ ಒತ್ತಲು ಹೋದರೆ ಮುರಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬಾಯಿಗೆ ಬಿರಡೆ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದು ಬೇಡವೇ ಬೇಡ. ಶಾಫ್ಟ್ ಸೀಲ್ ಹೊಸದು ಹಾಕಿ, ಬಾಯಿ ಮುಚ್ಚಿಟ್ಟ ರೀಕಂಡೀಷನ್ ಮಾಲು ಸಿಕ್ಕರೆ ಅದು ಪರವಾಗಿಲ್ಲ.

ಆಮೇಲೆ ವ್ಯಾಕ್ಯೂಮ್, ಅಂದರೆ ಪೈಪುಗಳ ಒಳಗಿನ ಗಾಳಿಯನ್ನೆಲ್ಲ ಪಂಪ್‌ನಿಂದ ಎಳೆದುಹಾಕುವುದು. ಹತ್ತು ನಿಮಿಷಕ್ಕೆ ಮುಗಿಸಲು ಬಿಡಬೇಡಿ, ಮುಕ್ಕಾಲು ಗಂಟೆ ಪಂಪ್ ಓಡಲಿ. ಗಾಳಿಯೇ ಇಲ್ಲದಷ್ಟು ಒತ್ತಡ ಇಳಿದಾಗ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಹೋಗುತ್ತದೆ. ಉಳಿದ ತೇವ ಎಕ್ಸ್‌ಪಾನ್ಷನ್ ವಾಲ್ವ್ ಬಾಯಲ್ಲಿ ಐಸ್ ಆಗಿ ಕೂರುತ್ತದೆ. ಗ್ಯಾಸನ್ನು ತೂಕ ಹಾಕಿಯೇ ತುಂಬಬೇಕು. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಹಳೇ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡಬೇಡಿ, ಮಷಿನ್‌ಗೆ ಎಳೆದುಕೊಳ್ಳಿ. ಆರ್-134ಎ ಅನ್ನುವ ಈ ಗ್ಯಾಸ್ ಓಝೋನ್‌ಗೆ ಕೆಡುಕು ಮಾಡದಿದ್ದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ.

ಚಾಲೂ ಮಾಡಿದ ಮೇಲೆ ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲೇ ಬಿಡಿ. ವಾರ ಕಳೆದು ಕಾರನ್ನು ಮತ್ತೆ ತನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪ್ರತಿ ಜಾಯಿಂಟ್ ಹತ್ತಿರ ಟಾರ್ಚ್ ಬಿಟ್ಟು, ಎಣ್ಣೆ ಜಿನುಗಿದೆಯಾ ಅಂತ ಬೆರಳಲ್ಲಿ ಸವರಿ ನೋಡಲು ಐದು ನಿಮಿಷ ಸಾಕು.