ಎರಡು ಗೆರೆ ಹೇಳದ ಮಾತು

ಯಾದಗಿರಿಯ ಮೆಡಿಕಲ್ ಶಾಪ್‌ಗಳಲ್ಲೂ ಗರ್ಭ ಪರೀಕ್ಷೆಯ ಕಿಟ್ ಸಿಗುತ್ತದೆ. ಬೆಳಗಿನ ಮೂತ್ರದ ಎರಡು ಮೂರು ಹನಿ ಹಾಕಬೇಕು. ಗರ್ಭ ನಿಂತಾಗ ಬರುವ ಎಚ್‌ಸಿಜಿ ಎಂಬ ಹಾರ್ಮೋನ್ ಇದ್ದರೆ ಎರಡು ಗೆರೆ ಮೂಡುತ್ತವೆ. ಮದುವೆಯಾದಾಗಿನಿಂದ ಮಗುವಿಗಾಗಿ ಹರಕೆ ಹೊತ್ತವಳಿಗೂ ಅದೇ ಗೆರೆ. ಮೂರನೇ ಕೂಸಿಗೆ ಇನ್ನೂ ಹಾಲು ಬಿಡಿಸದೆ, ಗಂಡನ ಜೊತೆ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೊರಟವಳಿಗೂ ಅದೇ ಗೆರೆ. ಬೇಕೋ ಬೇಡವೋ ಅನ್ನೋದನ್ನು ಅವಳೇ ಹೇಳಬೇಕು.

"ಹೆತ್ತ ಮೇಲೆ ಎಲ್ಲಾ ಸರಿಹೋಗ್ತದ ಬಿಡವ್ವಾ" ಅನ್ನುತ್ತಾರೆ ನಮ್ಮ ಕಡೆ ಹಿರಿಯರು. ಸರಿಹೋಗುತ್ತದಾ? ಇದನ್ನು ಯುರೋಪಿನ ಪ್ರಾಗ್ ನಗರದಲ್ಲಿ ಸಂಶೋಧಕರು ವರ್ಷಗಟ್ಟಲೆ ನೋಡಿದ್ದಾರೆ. ಒಂದೇ ಬಸಿರಿಗೆ ಎರಡು ಸಲ ಗರ್ಭಪಾತ ಕೇಳಿ, ಎರಡೂ ಸಲ ಇಲ್ಲ ಅನ್ನಿಸಿಕೊಂಡ ತಾಯಂದಿರಿಗೆ 1961ರಿಂದ 1963ರ ನಡುವೆ ಹುಟ್ಟಿದ 220 ಮಕ್ಕಳು. ಇವರನ್ನು ಅದೇ ತರಗತಿಯ, ಅಂಥದೇ ಮನೆಯ, ಬೇಕೆಂದೇ ಹುಟ್ಟಿದ ಮಕ್ಕಳ ಜೊತೆ ಹೋಲಿಸಿದರು. ಬುದ್ಧಿಶಕ್ತಿಯಲ್ಲಿ ಫರಕು ಇರಲಿಲ್ಲ. ಆದರೆ ಬೇಡವಾಗಿದ್ದ ಮಕ್ಕಳಿಗೆ ಎದೆಹಾಲು ಕಡಿಮೆ ದಿನ ಸಿಕ್ಕಿತ್ತು. ಒಂಬತ್ತು ವರ್ಷದ ಹೊತ್ತಿಗೆ ಅಂಕ ಕಡಿಮೆ, ಸಹಪಾಠಿಗಳು ಹತ್ತಿರ ಸೇರಿಸಿಕೊಳ್ಳುವುದೂ ಕಡಿಮೆ. ಫರಕು ಭಾರಿ ಏನಲ್ಲ, ಎಷ್ಟೋ ತಾಯಂದಿರು ಆಮೇಲೆ ಮಗುವನ್ನು ಒಪ್ಪಿಕೊಂಡರು. ಆದರೂ ಅದು ದೊಡ್ಡವರಾದ ಮೇಲೂ ಪೂರ್ತಿ ಅಳಿಸಿಹೋಗಲಿಲ್ಲ. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಅವಳು ಮೊದಲೇ ಹೇಳಿದ್ದಳು, ಯಾರೂ ಕೇಳಲಿಲ್ಲ ಅಷ್ಟೇ.

ಹೆಣ್ಣು ಅಂತ ತಿಳಿದು ಬೇಡ ಅನ್ನುವುದು ಬೇರೆಯೇ ಸಂಗತಿ. ಲಿಂಗ ಪತ್ತೆ 1994ರ ಕಾನೂನಿನ ಪ್ರಕಾರ ಅಪರಾಧ.

ನನಗೆ ಜಾಸ್ತಿ ಚಿಂತೆ ಗರ್ಭ ಇಳಿಸಲು ಕದ್ದುಮುಚ್ಚಿ ನುಂಗುವ ಗುಳಿಗೆಯದ್ದು. ಗರ್ಭ ಉಳಿಯಲು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಬೇಕು. ಮಿಫೆಪ್ರಿಸ್ಟೋನ್ ಎಂಬ ಗುಳಿಗೆ ಅದರ ಕೆಲಸ ತಡೆಯುತ್ತದೆ, ಆಮೇಲೆ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶ ಹಿಂಡುವಂತೆ ಮಾಡುತ್ತದೆ. ಒಂಬತ್ತು ವಾರದೊಳಗೆ, ಡಾಕ್ಟರ್ ಹೇಳಿದಂತೆ ತೆಗೆದುಕೊಂಡರೆ ಇದು ಸುರಕ್ಷಿತ. ಆದರೆ ಗರ್ಭ, ಗರ್ಭಕೋಶದ ಬದಲು ಅದರ ಪಕ್ಕದ ನಳಿಕೆಯಲ್ಲಿ ನಿಂತಿದ್ದರೆ ಈ ಗುಳಿಗೆಯಿಂದ ಹೋಗುವುದಿಲ್ಲ. ನಳಿಕೆ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿಯುತ್ತದೆ, ಜೀವವೇ ಹೋಗಬಹುದು.

ಮುಚ್ಚಿಡುವ ಅಗತ್ಯವೇ ಇಲ್ಲ. ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಿಂದ ಇದೆ. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. ನಿರೋಧ್, ಕಾಪರ್-ಟಿ ಕೈಕೊಟ್ಟಿತು ಅನ್ನುವುದೂ ಒಪ್ಪುವ ಕಾರಣ, 2021ರ ತಿದ್ದುಪಡಿಯ ನಂತರ ಮದುವೆಯಾಗದವಳಿಗೂ. 18 ತುಂಬಿದ್ದರೆ ಅವಳ ಸಹಿ ಸಾಕು. ಗಂಡನದ್ದೂ ಬೇಡ, ಅತ್ತೆಯದ್ದೂ ಬೇಡ. ಅವಳ ಹೆಸರನ್ನು ಆಸ್ಪತ್ರೆಯವರು ಹೊರಗೆ ಬಿಡುವಂತಿಲ್ಲ. ದಿನ ತಪ್ಪಿದ ವಾರದಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋದರೆ ಹೆಚ್ಚಿನವರಿಗೆ ಗುಳಿಗೆಯಲ್ಲೇ ಮುಗಿಯುತ್ತದೆ.